ಭದ್ರಾವತಿಯ ಒಬ್ಬ ವಾರ್ಡ್ ಮೆಂಬರ್ ಕಚೇರಿ: ಹತ್ತು ತಿಂಗಳು ಹೋಗಿಬಂದವನ ಅನಿಸಿಕೆ

ಭದ್ರಾವತಿಯ ಹಳೆಯ ಕಾರ್ಮಿಕ ಬಡಾವಣೆಯೊಂದರಲ್ಲಿ ನಗರಸಭಾ ಸದಸ್ಯರೊಬ್ಬರು ಭಾನುವಾರ ಬಿಟ್ಟು ಉಳಿದೆಲ್ಲ ದಿನ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ತಮ್ಮ ಮನೆಯ ಮುಂಗೋಣೆಯಲ್ಲಿ ಸಾರ್ವಜನಿಕರಿಗೆ ಸಿಗುತ್ತಾರೆ. ಅವರು ಗುತ್ತಿಗೆ ಕಾರ್ಮಿಕರ ಸಂಘವೊಂದರ ಪದಾಧಿಕಾರಿಯೂ ಹೌದು. ಆ ಕೋಣೆಗೆ ನಾನು 2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ, ಶಿವಮೊಗ್ಗದಿಂದ ಬೆಳಗಿನ ಬಸ್ಸು ಹಿಡಿದು, ಹದಿನಾಲ್ಕು ಸಲ ಹೋಗಿಬಂದಿದ್ದೇನೆ. ನಾನು ಅವರ ವಾರ್ಡಿನ ಮತದಾರನಲ್ಲ, ಅವರ ಸಂಘದ ಸದಸ್ಯನಲ್ಲ, ಅವರ ರಾಜಕೀಯ ವಿಚಾರಗಳಲ್ಲಿ ಅರ್ಧದಷ್ಟನ್ನಾದರೂ ಒಪ್ಪುತ್ತೇನೆಂದು ಹೇಳಲಾರೆ. ಅವರ ಹೆಸರನ್ನೂ ವಾರ್ಡಿನ ಸಂಖ್ಯೆಯನ್ನೂ ಬರೆಯುತ್ತಿಲ್ಲ. ಈ ಬರಹ ಯಾರದೇ ಚುನಾವಣೆಯ ಕರಪತ್ರವಾಗುವುದು ನನಗೆ ಬೇಡ. ಆದರೆ ಅಂಥದೊಂದು ಕಚೇರಿಯಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದು ಇನ್ನೊಬ್ಬರಿಗೆ ಉಪಯೋಗಕ್ಕೆ ಬಂದೀತು ಎಂದು ಬರೆಯುತ್ತಿದ್ದೇನೆ.

ನಾನು ಅಲ್ಲಿಗೆ ಹೋಗಬೇಕಾಗಿ ಬಂದದ್ದು ತಂಗಿಗಾಗಿ. ಅವಳ ಯಜಮಾನರು ಒಂದು ಘಟಕದ ಕ್ಯಾಂಟೀನಿನಲ್ಲಿ ಗುತ್ತಿಗೆದಾರರ ಕೈಕೆಳಗೆ ಹನ್ನೊಂದು ವರ್ಷ ದುಡಿದಿದ್ದರು. ಜನವರಿಯ ಒಂದು ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿ ಬಂದು, ಎದೆ ಹಿಡಿದಂತಾಗುತ್ತಿದೆ ಎಂದು ಮಲಗಿದವರು ಮತ್ತೆ ಏಳಲಿಲ್ಲ. ಅವರಿಗಾಗ ನಲವತ್ತಾರು ವರ್ಷ. ತಿಥಿಯೂಟದ ಮಾರನೆಯ ದಿನ ಗುತ್ತಿಗೆದಾರರ ಕಡೆಯವರೊಬ್ಬರು ಬಂದು ಇಪ್ಪತ್ತು ಸಾವಿರ ರೂಪಾಯಿ ಕೊಟ್ಟು, ‘ಎಲ್ಲ ಲೆಕ್ಕ ಚುಕ್ತಾ’ ಎಂದು ಬರೆದಿದ್ದ ಹಾಳೆಯ ಮೇಲೆ ತಂಗಿಯ ಸಹಿ ಹಾಕಿಸಿಕೊಂಡು ಹೋದರು. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು. ಆ ಹಾಳೆಯಲ್ಲಿದ್ದ ಮೂರು ಕಾಗುಣಿತದ ತಪ್ಪುಗಳು ನನ್ನ ಕಣ್ಣಿಗೆ ಬಿದ್ದವು, ಅದರೊಳಗಿದ್ದ ನಿಜವಾದ ತಪ್ಪು ಬೀಳಲಿಲ್ಲ. ಪಕ್ಕದ ಮನೆಯ ಹೆಂಗಸೊಬ್ಬರು, “ಯೂನಿಯನ್ ಮೆಂಬರ್ ಹತ್ರ ಒಂದ್ಸಲ ತೋರಿಸಿ ಬನ್ನಿ” ಎಂದಾಗ, ತೋರಿಸಿದರೆ ಹೋಗುವುದೇನು ಎಂಬಷ್ಟೇ ಮನಸ್ಸಿನಿಂದ ಹೊರಟೆವು.

ಕೋಣೆ ದೊಡ್ಡದಲ್ಲ. ಮೇಲೆ ಶೀಟಿನ ಮಾಡು, ಗೋಡೆಗೆ ಒರಗಿಸಿದ ಎರಡು ಬೆಂಚು, ಒಂದು ಕಬ್ಬಿಣದ ಮೇಜು. ಮಳೆಗಾಲದಲ್ಲಿ ಮಾಡಿನ ಸದ್ದಿಗೆ ಮಾತು ಕೇಳಿಸದೆ ಎಲ್ಲರೂ ಕೂಗಿಕೊಂಡೇ ಮಾತನಾಡಬೇಕಾಗುತ್ತದೆ, ಆದ್ದರಿಂದ ಅಲ್ಲಿ ಯಾರ ಮನೆಯ ಗುಟ್ಟೂ ಗುಟ್ಟಾಗಿ ಉಳಿಯುವುದಿಲ್ಲ. ನಾವು ಮೊದಲ ಸಲ ಹೋದಾಗ ನಮ್ಮ ಮುಂದೆ ಒಂಬತ್ತು ಜನರಿದ್ದರು. ಮೂರು ದಿನದಿಂದ ನಲ್ಲಿಗೆ ನೀರು ಬಂದಿಲ್ಲವೆಂದು ಒಬ್ಬರು. ಅವರ ಎದುರಿಗೇ ನೀರುಗಂಟಿಗೆ ಫೋನು ಮಾಡಿ, ಯಾವ ವಾಲ್ವ್ ಕೆಟ್ಟಿದೆಯೆಂದು ಕೇಳಿ, ಇಂಥ ದಿನ ಬರುತ್ತದೆ ಎಂದು ಹೇಳಿ ಕಳುಹಿಸಿದರು. ಇ-ಖಾತೆಗೆ ಹಾಕಿದ ಅರ್ಜಿ ವಾಪಸು ಬಂದಿದ್ದ ಇನ್ನೊಬ್ಬರಿಗೆ, ಕ್ರಯಪತ್ರದಲ್ಲಿರುವ ಅಳತೆಗೂ ತೆರಿಗೆ ರಸೀದಿಯಲ್ಲಿರುವ ಅಳತೆಗೂ ತಾಳೆಯಿಲ್ಲದಿರುವುದನ್ನು ತೋರಿಸಿ, ಮೊದಲು ಅದನ್ನು ಸರಿಮಾಡಿಸಿಕೊಳ್ಳಿ ಎಂದರು. ಒಬ್ಬ ಮುದುಕರು ಎರಡು ವರ್ಷದ ಹಿಂದೆ ತೀರಿಕೊಂಡ ಹೆಂಡತಿಯ ಮರಣವನ್ನು ಇನ್ನೂ ನೋಂದಾಯಿಸಿರಲಿಲ್ಲ. ಇಪ್ಪತ್ತೊಂದು ದಿನದೊಳಗೆ ಶುಲ್ಕವಿಲ್ಲದೆ ಆಗುವ ಕೆಲಸ ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶದವರೆಗೆ ಹೋಗುತ್ತದೆ ಎಂದು ತಿಳಿಸಿ, ಯಾವ ಕಚೇರಿಗೆ ಯಾವ ಕಾಗದ ಒಯ್ಯಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟರು.

ಮಾಚೇನಹಳ್ಳಿ ಕಡೆಯ ಗಾರ್ಮೆಂಟ್ಸಿಗೆ ಹೋಗುವ ಏಳು ತಿಂಗಳ ಬಸುರಿಯೊಬ್ಬಳು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಹೆರಿಗೆ ಭತ್ಯೆ ಸಿಗುವುದೋ ಇಲ್ಲವೋ ಎಂದು ಕೇಳಲು ಬಂದಿದ್ದಳು. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಎಪ್ಪತ್ತು ದಿನದ ವಂತಿಗೆ ಬಿದ್ದಿರಬೇಕು ಎಂಬ ನಿಯಮವನ್ನು ಹೇಳಿ, ಅವಳ ಸಂಬಳದ ಚೀಟಿಗಳನ್ನು ಮೇಜಿನ ಮೇಲೆ ಇಸ್ಪೀಟಿನೆಲೆಯಂತೆ ಹರಡಿ, ತಿಂಗಳು ತಿಂಗಳಿನ ದಿನಗಳನ್ನು ಬೆರಳೆಣಿಸಿ ಕೂಡಿಸಿದರು. ನೂರಾ ನಾಲ್ಕು ಬಂತು. “ಇಪ್ಪತ್ತಾರು ವಾರ ಸಿಗುತ್ತಮ್ಮ, ರಜೆ ಹಾಕು, ರಾಜೀನಾಮೆ ಬರೆದುಕೊಡಬೇಡ” ಎಂದರು. ಕೊನೆಯ ಮಾತನ್ನು ಎರಡು ಸಲ ಹೇಳಿದರು. ಬಸುರಿಯರಿಂದ ರಾಜೀನಾಮೆ ಬರೆಸಿಕೊಳ್ಳುವುದನ್ನು ಅವರು ಬಹಳ ಕಂಡಿರಬೇಕು.

ನಮ್ಮ ಸರದಿ ಬಂದಾಗ ಅವರು ‘ಚುಕ್ತಾ’ ಹಾಳೆಯನ್ನು ಒಮ್ಮೆ ಓದಿ ಬದಿಗಿಟ್ಟು, ಸಂಬಳದ ಚೀಟಿ ಕೇಳಿದರು. ತಂಗಿಯ ಚೀಲದಲ್ಲಿ ಒಂದೇ ಒಂದು ಚೀಟಿಯಿತ್ತು, ಮಡಿಸಿ ಮಡಿಸಿ ನಾಲ್ಕು ತುಂಡಾಗುವ ಸ್ಥಿತಿಯಲ್ಲಿತ್ತು. ಅದನ್ನು ಬೆಳಕಿಗೆ ಹಿಡಿದು, “ನೋಡಿ ಮೇಷ್ಟ್ರೇ, ಪಿಎಫ್ ಅಂತ 1,560 ಹಿಡಿದಿದ್ದಾರೆ. ಹದಿಮೂರು ಸಾವಿರಕ್ಕೆ ನೂರಕ್ಕೆ ಹನ್ನೆರಡು. ಹಿಡಿದಿದ್ದು ಸರಿಯಾಗೇ ಇದೆ, ಕಟ್ಟಿದ್ದಾರೋ ಇಲ್ವೋ ನೋಡಬೇಕು” ಎಂದರು. ಖಾತೆಯ ಪಾಸ್‌ಬುಕ್ ತೆರೆಯಲು ಆ ದಿನ ಆಗಲಿಲ್ಲ, ಏಕೆಂದರೆ ಅದಕ್ಕೆ ಜೋಡಿಸಿದ್ದ ಮೊಬೈಲ್ ಸಂಖ್ಯೆ ರೀಚಾರ್ಜ್ ಇಲ್ಲದೆ ಸತ್ತುಹೋಗಿತ್ತು. ಎರಡನೆಯ ಭೇಟಿಯಲ್ಲಿ ತೆರೆದಾಗ ಮೂರು ತಿಂಗಳ ವಂತಿಗೆ ಸಂಬಳದಲ್ಲಿ ಕಡಿತವಾಗಿದ್ದರೂ ಖಾತೆಗೆ ಬಿದ್ದಿರಲಿಲ್ಲ. ಗುತ್ತಿಗೆದಾರ ಕಟ್ಟದಿದ್ದರೆ ಆ ಹೊಣೆ ಮೂಲ ಉದ್ಯೋಗದಾತರ ಮೇಲೆ, ಅಂದರೆ ಕ್ಯಾಂಟೀನು ಯಾರ ಆವರಣದಲ್ಲಿದೆಯೋ ಅವರ ಮೇಲೆ ಬೀಳುತ್ತದೆ ಎಂಬುದು ನನಗೆ ತಿಳಿದದ್ದು ಆಗಲೇ.

ಆಮೇಲೆ ಅವರು ತಂಗಿಯನ್ನು, “ಅಕ್ಕಾ, ಇನ್ಶೂರೆನ್ಸ್ ವಿಷಯ ಯಾರಾದ್ರೂ ಹೇಳಿದ್ರಾ?” ಎಂದು ಕೇಳಿದರು. ಅವಳು, “ಎಲ್‌ಐಸಿ ಮಾಡ್ಸಿರ್ಲಿಲ್ಲ, ಕಂತು ಕಟ್ಟೋಕೆ ಆಗ್ತಿರ್ಲಿಲ್ಲ” ಎಂದಳು. ಅವರು ಕೇಳಿದ್ದು ಎಲ್‌ಐಸಿಯ ಮಾತಾಗಿರಲಿಲ್ಲ. ಭವಿಷ್ಯನಿಧಿಯ, ಅಂದರೆ ಪಿಎಫ್‌ನ, ಜೊತೆಗೇ 1976ರಿಂದ ಒಂದು ವಿಮಾ ಯೋಜನೆಯಿದೆ; ಇಡಿಎಲ್‌ಐ ಎನ್ನುತ್ತಾರೆ. ಅದಕ್ಕೆ ಕಾರ್ಮಿಕನ ಸಂಬಳದಿಂದ ಒಂದು ಪೈಸೆಯೂ ಕಡಿತವಾಗುವುದಿಲ್ಲ, ಮಾಲೀಕನೇ ಕಟ್ಟಬೇಕು. ಸಂಬಳದ ಚೀಟಿಯಲ್ಲಿ ಕಾಣದ ಕಾರಣಕ್ಕೆ ಅದು ಇದೆಯೆಂದೇ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಸೇವೆಯಲ್ಲಿರುವಾಗ ತೀರಿಕೊಂಡವರ ಕುಟುಂಬಕ್ಕೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಸಂಬಳದ ಮೂವತ್ತೈದು ಪಟ್ಟು, ಜೊತೆಗೆ ಖಾತೆಯ ಸರಾಸರಿ ಬಾಕಿಯ ಅರ್ಧ ಸೇರಿ, ಗರಿಷ್ಠ 7 ಲಕ್ಷ ರೂಪಾಯಿಯವರೆಗೆ ಬರುತ್ತದೆ. ಅವರು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ 13,000ವನ್ನು 35ರಿಂದ ಗುಣಿಸಿ 4,55,000 ಎಂದು ಬರೆದು, ಅದರ ಕೆಳಗೆ ಗೆರೆ ಎಳೆದರು. ತಂಗಿ ಆ ಹಾಳೆಯನ್ನು ಕೇಳಿ ತೆಗೆದುಕೊಂಡಳು. ಬಸ್ಸ್ಟ್ಯಾಂಡಿನವರೆಗೆ ನಾವು ಮಾತಾಡಲಿಲ್ಲ.

ಇಲ್ಲಿ ಒಂದು ಮಾತು. ಇಪ್ಪತ್ತು ಸಾವಿರ ತಂದುಕೊಟ್ಟವರಿಗೆ ಈ ಯೋಜನೆ ಗೊತ್ತಿರಲಿಲ್ಲವೆಂದು ನಾನು ನಂಬಲಾರೆ.

ಅರ್ಜಿಯ ಕೆಲಸ ಸಲೀಸಾಗಿ ಆಯಿತೆಂದು ಯಾರೂ ತಿಳಿಯಬಾರದು. ಮರಣದ ಪ್ರಕರಣಗಳಲ್ಲಿ ಭವಿಷ್ಯನಿಧಿ, ಪಿಂಚಣಿ, ವಿಮೆ ಮೂರಕ್ಕೂ ಸೇರಿ ಒಂದೇ ಸಂಯುಕ್ತ ನಮೂನೆಯಿದೆ, ಅದನ್ನು ತುಂಬಿಸಲು ಒಂದು ಬೆಳಿಗ್ಗೆ ಸಾಕಾಯಿತು. ತೊಡಕಾದದ್ದು ಹೆಸರಿನಲ್ಲಿ. ಆಧಾರ್ ಕಾರ್ಡಿನಲ್ಲಿ ಹೆಸರಿನ ಹಿಂದೆ ಇದ್ದ ಇನಿಷಿಯಲ್ ಪಿಎಫ್ ದಾಖಲೆಯಲ್ಲಿ ಮುಂದೆ ಇತ್ತು, ಹುಟ್ಟಿದ ವರ್ಷದಲ್ಲಿಯೂ ಒಂದು ವರ್ಷದ ವ್ಯತ್ಯಾಸವಿತ್ತು. ಬದುಕಿದ್ದವರಿಗೇ ಕಷ್ಟವಾದ ತಿದ್ದುಪಡಿಯನ್ನು ಸತ್ತವರ ಪರವಾಗಿ ಮಾಡಿಸುವುದು ಎಷ್ಟು ಕಷ್ಟವೆಂದು ಮಾಡಿಸಿದವರಿಗೇ ಗೊತ್ತು. ನಾಮಿನಿಯ ಹೆಸರೂ ದಾಖಲಾಗಿರಲಿಲ್ಲವಾದ್ದರಿಂದ ವಂಶವೃಕ್ಷದ ದೃಢೀಕರಣಕ್ಕೆ ನಾಡಕಚೇರಿಗೆ ಹೋಗಬೇಕಾಯಿತು. ಪ್ರತಿ ಹಂತದಲ್ಲಿಯೂ ಈ ಸದಸ್ಯರು ಮಾಡಿದ ಕೆಲಸ ಒಂದೇ: ಕಾಗದವನ್ನು ತಾವೇ ಓದಿ, ಮುಂದಿನ ಕಾಗದ ಯಾವುದೆಂದು ಹೇಳಿ, ಪತ್ರ ಬರೆದುಕೊಟ್ಟು, ಅದರ ನಕಲಿನ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಬರಬೇಕೆಂದು ತಾಕೀತು ಮಾಡುವುದು. ಒಮ್ಮೆ ನಾನು ಮುದ್ರೆಯಿಲ್ಲದೆ ಬಂದಾಗ ವಿದ್ಯಾರ್ಥಿಯನ್ನು ಮನೆಗೆ ಅಟ್ಟುವಂತೆ ನನ್ನನ್ನು ಅಟ್ಟಿದರು. “ಸೀಲ್ ಇಲ್ದಿದ್ರೆ ನೀವು ಕೊಟ್ಟಿದ್ದೇ ಸುಳ್ಳು ಮೇಷ್ಟ್ರೇ” ಎಂದದ್ದು ಸ್ವಲ್ಪ ಒರಟಾಗಿ ಕೇಳಿಸಿದರೂ ಮೂರು ತಿಂಗಳ ಮೇಲೆ, ಅರ್ಜಿ ಬಂದೇ ಇಲ್ಲವೆಂಬ ಉತ್ತರ ಬಂದಾಗ, ಆ ಮುದ್ರೆಯೇ ನಮ್ಮನ್ನು ಉಳಿಸಿತು.

ಮುದ್ರೆಯ ಮಾತು ಬಂದಿದ್ದರಿಂದ ಅವರ ಮೇಜಿನ ಮೇಲಿನದನ್ನೂ ಹೇಳಬೇಕು. ಅಲ್ಲಿ ಎರಡು ರಬ್ಬರ್ ಮುದ್ರೆಗಳಿವೆ, ಎರಡಕ್ಕೂ ಬೇರೆ ಬೇರೆ ಇಂಕಿನ ಪ್ಯಾಡ್. ನೀಲಿಯದ್ದು ನಗರಸಭಾ ಸದಸ್ಯರದ್ದು, ಕೆಂಪಿನದ್ದು ಸಂಘದ್ದು. ನಮ್ಮ ತಂಗಿ ಇಂಥ ಬಡಾವಣೆಯ ನಿವಾಸಿ ಎಂಬ ಪತ್ರಕ್ಕೆ ನೀಲಿ ಮುದ್ರೆ ಬಿತ್ತು, ಗುತ್ತಿಗೆದಾರರಿಗೆ ಬರೆದ ಪತ್ರಕ್ಕೆ ಕೆಂಪು ಬಿತ್ತು. ಎರಡನ್ನೂ ಒಂದೇ ಪತ್ರಕ್ಕೆ ಹಾಕಿದರೆ ತೂಕ ಹೆಚ್ಚಲ್ಲವೇ ಎಂದು ನಾನು ಕೇಳಿದ್ದಕ್ಕೆ, ನಗರಸಭೆಯ ಮುದ್ರೆ ಹಾಕಿ ಗುತ್ತಿಗೆದಾರನಿಗೆ ಬರೆದರೆ ಅವನು ಅದನ್ನು ಮೊದಲು ಬೇರೆಡೆಗೆ ಒಯ್ದು ತೋರಿಸುತ್ತಾನೆ, ಪತ್ರದ ವಿಷಯ ಬದಿಗೆ ಹೋಗಿ ಮುದ್ರೆಯೇ ವಿಷಯವಾಗುತ್ತದೆ ಎಂದರು. ಇಂಥ ಎಚ್ಚರವನ್ನು ನಾನು ಸರಕಾರಿ ಸೇವೆಯಲ್ಲಿದ್ದವರಲ್ಲೂ ಅಪರೂಪವಾಗಿ ಕಂಡಿದ್ದೇನೆ.

ಆದರೆ ಜೀವನದಲ್ಲಿ ಎರಡು ಮುದ್ರೆಗಳು ಅಷ್ಟು ಸುಲಭವಾಗಿ ಬೇರೆಯಾಗಿ ಉಳಿಯುವುದಿಲ್ಲ. ಜುಲೈನಲ್ಲಿ ಕಸ ಸಾಗಿಸುವ ಆಟೋ ಟಿಪ್ಪರ್‌ಗಳ ಹೊರಗುತ್ತಿಗೆ ಚಾಲಕರು ಎರಡು ತಿಂಗಳ ಸಂಬಳ ಬಂದಿಲ್ಲವೆಂದು ಗಾಡಿ ನಿಲ್ಲಿಸಿದರು. ಸಂಘದವರಾಗಿ ಇವರು ಚಾಲಕರ ಜೊತೆ ಕೂತರು. ಇವರದೇ ವಾರ್ಡಿನಲ್ಲಿ ನಾಲ್ಕು ದಿನ ಕಸ ಕೊಳೆಯಿತು, ಮಳೆಗೆ ಅದು ಚರಂಡಿಗಿಳಿಯಿತು, ಬೆಳಗಿನ ಬೆಂಚಿನ ಮೇಲೆ ಕೂತವರೆಲ್ಲ ಅದನ್ನೇ ಎತ್ತಿದರು. ಒಬ್ಬ ಹೆಂಗಸು, “ನೀವು ನಮ್ಮ ಕಡೆನೋ ಅವ್ರ ಕಡೆನೋ?” ಎಂದು ನೇರವಾಗಿ ಕೇಳಿದಳು. ಚಾಲಕರ ಮನೆಗಳೂ ಇದೇ ವಾರ್ಡಿನಲ್ಲಿವೆ ಎಂದು ಇವರು ಹೇಳಿದ ಉತ್ತರ ನಿಜವೇ ಆದರೂ ಅವಳ ಮನೆಯ ಮುಂದಿನ ಕಸಕ್ಕೆ ಅದು ಉತ್ತರವಾಗಿರಲಿಲ್ಲ. ಸಂಬಳ ಬಂತು, ಗಾಡಿ ಹೊರಟಿತು. ಆದರೆ ಆ ನಾಲ್ಕು ದಿನ ಮನೆಮನೆಗೆ ಹೋಗಿ ವಿಷಯ ವಿವರಿಸುವ ಕೆಲಸವನ್ನಾದರೂ ಇವರು ಮಾಡಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಒಟ್ಟಿನಲ್ಲಿ ಇವರು ಸಂಘದ ಕೆಲಸದಲ್ಲಿ ಎಷ್ಟು ನುರಿತವರೋ ವಾರ್ಡಿನ ಕೆಲಸದಲ್ಲಿ ಅಷ್ಟಲ್ಲ. ತಂಗಿಯ ಬೀದಿಯ ತಿರುವಿನ ದೀಪ ಮಾರ್ಚಿನಲ್ಲಿ ಕೆಟ್ಟದ್ದು ಗಣೇಶ ಚತುರ್ಥಿಯ ಹಿಂದಿನ ದಿನ ಹತ್ತಿತು. ಪೆಂಡಾಲಿನವರು ಗಲಾಟೆ ಮಾಡದಿದ್ದರೆ ಅಂದೂ ಹತ್ತುತ್ತಿರಲಿಲ್ಲ. ಚರಂಡಿಯ ಹೂಳನ್ನು ಮಳೆಗೆ ಮುಂಚೆ ತೆಗೆಸುವ ಬದಲು ಮೊದಲ ಜೋರು ಮಳೆ ಬಿದ್ದ ಮೇಲೆ ತೆಗೆಸಿದರು. ಮಳೆಗಾಲದಲ್ಲಿ ಭದ್ರಾ ಜಲಾಶಯದ ನೀರಿನ ಮಟ್ಟ 186 ಅಡಿಯ ಹತ್ತಿರ ಬಂದು ಗೇಟು ತೆರೆದರೆ ಊರೊಳಗಿನ ಹೊಸ ಸೇತುವೆ ಮುಳುಗುವುದು ಭದ್ರಾವತಿಯವರಿಗೆ ಹೊಸ ಸುದ್ದಿಯಲ್ಲ. ಆ ದಿನಗಳಲ್ಲಿ ಮಾತ್ರ ಇವರು ರಾತ್ರಿಯಿಡೀ ತಗ್ಗಿನ ಬೀದಿಗಳಲ್ಲಿ ಟಾರ್ಚು ಹಿಡಿದು ತಿರುಗುತ್ತಾರೆಂದು ಅಲ್ಲಿಯವರು ಹೇಳುತ್ತಾರೆ. ತುರ್ತಿಗೆ ಒದಗುವ ಮನುಷ್ಯರು ದಿನನಿತ್ಯದ ಬೇಸರದ ಕೆಲಸವನ್ನು ಮುಂದೂಡುತ್ತಾರೆ. ನಮ್ಮ ಶಾಲೆಯಲ್ಲಿಯೂ ಅಂಥ ಸಹೋದ್ಯೋಗಿಗಳಿದ್ದರು.

ಇದಕ್ಕೆ ಊರಿನ ಚರಿತ್ರೆಯೂ ಕಾರಣವಿರಬಹುದು. 1918ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಆರಂಭಗೊಂಡ ಕಬ್ಬಿಣದ ಕಾರ್ಖಾನೆ, ಆಮೇಲೆ ಬಂದ ಕಾಗದದ ಕಾರ್ಖಾನೆ, ಇವೆರಡರ ಸೈರನ್ನಿಗೆ ಎದ್ದು ಮಲಗಿದ ಊರಿದು. ತಮಿಳು, ತೆಲುಗು, ಉರ್ದು ಎಲ್ಲವೂ ಬೆರೆತ ಬೀದಿಗಳಲ್ಲಿ ಜನರನ್ನು ಒಂದುಗೂಡಿಸಿದ್ದು ಬಹುಮಟ್ಟಿಗೆ ಪಾಳಿಯ ಹೊತ್ತು ಮತ್ತು ಸಂಘದ ಬಾವುಟ. ಕಾಗದದ ಕಾರ್ಖಾನೆಯಲ್ಲಿ ಉತ್ಪಾದನೆ 2015ರಲ್ಲಿ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ದ್ವಾರದ ಮುಂದೆ ಧರಣಿ ಕೂತದ್ದು ರಾಜ್ಯಕ್ಕೆಲ್ಲ ಗೊತ್ತು. ಅಂಥ ಊರಿನಲ್ಲಿ ವಾರ್ಡಿನ ಸದಸ್ಯನ ಬಳಿಗೆ ಚರಂಡಿಗಿಂತ ಹೆಚ್ಚಾಗಿ ಪಿಎಫ್ ಚೀಟಿ ಹಿಡಿದವರೇ ಬಂದರೆ ಆಶ್ಚರ್ಯವಿಲ್ಲ. ನಾನಿರುವ ಶಿವಮೊಗ್ಗದಲ್ಲಂತೂ ಮಹಾನಗರ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ 2023ರ ಕೊನೆಯಲ್ಲಿ ಮುಗಿದ ಮೇಲೆ, ಬೆಳಿಗ್ಗೆ ಏಳಕ್ಕೆ ಬಾಗಿಲು ತಟ್ಟೋಣವೆಂದರೂ ನಮ್ಮ ವಾರ್ಡಿಗೆ ಸದಸ್ಯರೇ ಇಲ್ಲದ ದಿನಗಳನ್ನು ಕಂಡೆವು.

ಇನ್ನು ಕಚೇರಿಯ ಕುಂದುಕೊರತೆಗಳು. ಟೋಕನ್ ಪದ್ಧತಿ ಇಲ್ಲ. ಮೊದಲು ಬಂದವರಿಗೆ ಮೊದಲು ಎಂಬುದು ಮಾತಿಗಷ್ಟೇ, ಸಂಘದವರು ಬಂದರೆ ಒಳಬಾಗಿಲಿನಿಂದ ಹೋಗಿ ಮೇಜಿನ ಪಕ್ಕ ನಿಲ್ಲುತ್ತಾರೆ. ಬೆಂಚುಗಳು ಎರಡೇ ಆದ್ದರಿಂದ ಹೆಂಗಸರು ಮೆಟ್ಟಿಲ ಮೇಲೆ, ಮಳೆಯಿದ್ದರೆ ಕೊಡೆ ಹಿಡಿದು, ನಿಲ್ಲಬೇಕಾಗುತ್ತದೆ. ಪ್ರತಿಭಟನೆ, ಮೆರವಣಿಗೆ, ನಗರಸಭೆಯ ಸಾಮಾನ್ಯ ಸಭೆ ಇದ್ದ ದಿನ ಕೋಣೆಗೆ ಬೀಗ ಬಿದ್ದಿರುತ್ತದೆ. ಮುಂಚಿತವಾಗಿ ಒಂದು ಚೀಟಿಯನ್ನಾದರೂ ಅಂಟಿಸಬಾರದೇ? ಹದಿನಾಲ್ಕು ಸಲದಲ್ಲಿ ಮೂರು ಸಲ ನಾನು ಬೀಗವನ್ನೇ ನೋಡಿ ವಾಪಸು ಬಂದೆ. ಅಲ್ಲಿರುವ ಸಹಾಯಕ ಹುಡುಗ ಬಂದವರನ್ನೆಲ್ಲ ಮೊದಲು “ಯಾವ ಯೂನಿಯನ್?” ಎಂದು ಕೇಳುವುದು ನನಗೆ ಸರಿಬರಲಿಲ್ಲ. ಸದಸ್ಯರಿಗೆ ಅದನ್ನು ಹೇಳಿದೆ. ನಕ್ಕರು, ಹುಡುಗ ಈಗಲೂ ಕೇಳುತ್ತಾನೆ. ಗೋಡೆಯ ಮೇಲೆ ತೂಗುಹಾಕಿರುವ ಕಾನೂನುಗಳ ಪಟ್ಟಿ 1972ರ ಗ್ರಾಚ್ಯುಟಿ ಕಾಯ್ದೆ, 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಗಳಲ್ಲಿಯೇ ನಿಂತಿದೆ. 2025ರ ನವೆಂಬರ್ 21ರಿಂದ ಇಂಥ ಹಳೆಯ ಕಾಯ್ದೆಗಳ ಬದಲಿಗೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿರುವಾಗ, ಅವನ್ನು ವಿರೋಧಿಸುವ ಭಿತ್ತಿಪತ್ರ ಬಾಗಿಲಿಗೆ ಅಂಟಿದೆಯೇ ಹೊರತು ಅವುಗಳಿಂದ ಯಾರಿಗೆ ಏನು ಬದಲಾಯಿತು ಎಂಬ ವಿವರ ಒಳಗೆಲ್ಲೂ ಇಲ್ಲ. ವಿರೋಧಿಸುವುದು ಅವರ ಹಕ್ಕು; ಬಂದವರಿಗೆ ತಿಳಿಸುವುದೂ ಅವರ ಕೆಲಸವೇ.

ಹಣದ ವಿಷಯವನ್ನು ಎಲ್ಲರೂ ಕೇಳುತ್ತಾರೆ, ಆದ್ದರಿಂದ ಬರೆಯುತ್ತೇನೆ. ಅವರು ನಮ್ಮಿಂದ ಏನನ್ನೂ ಕೇಳಲಿಲ್ಲ. ಜೆರಾಕ್ಸ್, ಸ್ಟಾಂಪ್ ಕಾಗದ, ನೋಟರಿ, ಎಲ್ಲದರ ಖರ್ಚು ನಮ್ಮದೇ. ವಿಮೆಯ ಹಣ ಬಂದಾಗ ತಂಗಿ ಒಂದು ಕವರಿನಲ್ಲಿ ಐದು ಸಾವಿರ ಇಟ್ಟುಕೊಂಡು ಹೋಗಿದ್ದಳು. ಅವರು ಅದರಿಂದ ಐದುನೂರರ ಒಂದು ನೋಟು ತೆಗೆದು, ಸಂಘದ ರಸೀದಿ ಪುಸ್ತಕದಲ್ಲಿ ಅವಳ ಹೆಸರು ಬರೆದು, ರಸೀದಿ ಹರಿದುಕೊಟ್ಟು, ಉಳಿದದ್ದನ್ನು ಹಿಂದಿರುಗಿಸಿದರು. ಒಳಗಿನಿಂದ ಬಂದ ಕಾಫಿ ಮಾತ್ರ ಹದಿನಾಲ್ಕು ಸಲವೂ, ಬೀಗವಿದ್ದ ದಿನ ಬಿಟ್ಟು, ಸಿಕ್ಕಿತು; ಬೆಲ್ಲದ ಕಾಫಿ, ಸ್ವಲ್ಪ ತೆಳು.

ಫಲ ಏನಾಯಿತೆಂದರೆ, ಭವಿಷ್ಯನಿಧಿ ಮತ್ತು ವಿಮೆಯ ಮೊತ್ತ ಸೆಪ್ಟೆಂಬರಿನಲ್ಲಿ ತಂಗಿಯ ಬ್ಯಾಂಕ್ ಖಾತೆಗೆ ಬಂತು. ಭವಿಷ್ಯನಿಧಿ ಕಡೆಯ ವಿಧವಾ ಪಿಂಚಣಿ ಮಂಜೂರಾಗಿದೆ, ಪಿಯುಸಿ ಓದುತ್ತಿರುವ ಮಗಳಿಗೆ ಅದರ ಕಾಲುಭಾಗದಷ್ಟು ಇಪ್ಪತ್ತೈದನೆಯ ವಯಸ್ಸಿನವರೆಗೆ ಪ್ರತ್ಯೇಕವಾಗಿ ಬರುತ್ತದೆ. ಕಟ್ಟದೆ ಉಳಿಸಿಕೊಂಡಿದ್ದ ಮೂರು ತಿಂಗಳ ವಂತಿಗೆಯೂ ಕೆಂಪು ಮುದ್ರೆಯ ಎರಡನೆಯ ಪತ್ರದ ನಂತರ ಜಮೆಯಾಯಿತು.

ಸೇವೆಯ ವರ್ಷಗಳ ಲೆಕ್ಕದಲ್ಲಿ ಮಾಲೀಕರು ಕೊಡಬೇಕಾದ ಗ್ರಾಚ್ಯುಟಿ ಇನ್ನೂ ಬಂದಿಲ್ಲ. ಸೇವೆಯಲ್ಲಿರುವಾಗ ತೀರಿಕೊಂಡವರಿಗೆ ಐದು ವರ್ಷ ಸೇವೆ ಪೂರೈಸಿರಬೇಕೆಂಬ ಷರತ್ತೂ ಅನ್ವಯಿಸುವುದಿಲ್ಲ. ಹದಿಮೂರು ಸಾವಿರವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 7,500, ಹನ್ನೊಂದು ವರ್ಷಕ್ಕೆ 82,500 ರೂಪಾಯಿ. ಹನ್ನೊಂದು ವರ್ಷದಲ್ಲಿ ಗುತ್ತಿಗೆದಾರರು ನಾಲ್ಕು ಸಲ ಬದಲಾಗಿದ್ದಾರೆ, ಆದ್ದರಿಂದ ನಮ್ಮ ಪಾಲಿನದ್ದು ಎರಡೇ ವರ್ಷ ಎಂಬುದು ಈಗಿನ ಗುತ್ತಿಗೆದಾರರ ವಾದ. “ಸಂಬಳ ಕೊಡೋರು ನಾಲ್ಕು ಸಲ ಬದಲಾದ್ರೂ ಗೇಟ್ ಒಂದೇ ಅಲ್ವಾ” ಎಂಬುದು ನಮ್ಮ ಸದಸ್ಯರ ವಾದ. ವಾರಸುದಾರರ ಅರ್ಜಿಯನ್ನು ನಮೂನೆ ‘ಕೆ’ಯಲ್ಲಿ ವರ್ಷದೊಳಗೇ ಕೊಟ್ಟಿದ್ದೆವು, ಉತ್ತರ ಬರದಿದ್ದಾಗ ಸಹಾಯಕ ಕಾರ್ಮಿಕ ಆಯುಕ್ತರ ಮುಂದೆ ಹೋದೆವು. ಪ್ರಕರಣ ಸಂಹಿತೆಗಳಿಗಿಂತ ಹಿಂದಿನದಾದ್ದರಿಂದ ಹಳೆಯ ಕಾಯ್ದೆಯಂತೆಯೇ ನಡೆಯುತ್ತದೆ ಎಂದು ಅವರು ಹೇಳಿದ್ದಾರೆ.

ನೀವು ಹೋಗುವುದಾದರೆ ಮಂಗಳವಾರ ಅಥವಾ ಬುಧವಾರ ಆರೂವರೆಗೇ ಹೋಗಿ ಬೆಂಚು ಹಿಡಿಯಿರಿ, ಸಂಬಳದ ಚೀಟಿ ಎಷ್ಟಿದ್ದರೆ ಅಷ್ಟನ್ನೂ ಒಯ್ಯಿರಿ, ಪಿಎಫ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆಯನ್ನು ಸಾಯಲು ಬಿಡಬೇಡಿ. ಬೀದಿ ದೀಪಕ್ಕಾಗಿ ಹೋಗುವವರು ತಾಳ್ಮೆಯನ್ನೂ ಕಟ್ಟಿಕೊಂಡು ಹೋಗಿ.

ನಮ್ಮ ಮುಂದಿನ ವಿಚಾರಣೆ ಜನವರಿಯ ಎರಡನೆಯ ವಾರದಲ್ಲಿದೆ. ಅಷ್ಟರೊಳಗೆ ವರ್ಷ ವರ್ಷದ ಗೇಟ್ ಪಾಸುಗಳನ್ನು ಸಾಲಾಗಿ ಜೋಡಿಸಿ ತರಲು ಹೇಳಿದ್ದಾರೆ. ತಂಗಿ ಟ್ರಂಕು, ಅಟ್ಟ, ದೇವರ ಗೂಡು ಎಲ್ಲವನ್ನೂ ತಡಕಿ ಹನ್ನೊಂದರಲ್ಲಿ ಹತ್ತನ್ನು ಹುಡುಕಿ ತೆಗೆದಿದ್ದಾಳೆ. 2017ರದ್ದು ಸಿಕ್ಕಿಲ್ಲ.